ಅರ್ಹತಾ ಸಮಯ ಎಂದರೇನು?

ಶೃಂಗೇರಿ, ಕೊಪ್ಪದ ಕಡೆಯವರಾದರೆ ನಿಮಗೆ ತುಂಗೆ ಹತ್ತಿರ. ನರಸಿಂಹರಾಜಪುರದವರಿಗೆ ಭದ್ರೆಯ ಹಿನ್ನೀರು. ನಿಮ್ಮ ಮಗುವಿಗೆ ಈಜು ಬಂದಿದೆ, ಈಗ ಸ್ಪರ್ಧೆಗೆ ಹೋಗುವ ಆಸೆಯೂ ಹುಟ್ಟಿದೆ ಎಂದುಕೊಳ್ಳೋಣ. ಆಗ ನಿಮ್ಮ ಕಿವಿಗೆ ಬೀಳುವ ಹೊಸ ಮಾತು ‘ಅರ್ಹತಾ ಸಮಯ’. ಗಾಬರಿ ಬೇಡ, ಒಂದೊಂದಾಗಿ ನೋಡೋಣ.

ದೊಡ್ಡ ಕೂಟಗಳಿಗೆ ಬರುವವರು ಇಂತಿಷ್ಟು ದೂರವನ್ನು ಇಂತಿಷ್ಟು ಸಮಯದೊಳಗೆ ಮೊದಲೇ ಈಜಿರಬೇಕು ಎಂದು ಸಂಘಟಕರು ಗೊತ್ತುಪಡಿಸುವುದುಂಟು. ಆ ಮಿತಿಯೇ ಅರ್ಹತಾ ಸಮಯ. ಪಕ್ಕದ ಲೇನಿನವರನ್ನೆಲ್ಲ ಹಿಂದೆ ಹಾಕಿದರೂ ಸಮಯ ಮಿತಿ ದಾಟಿದ್ದರೆ ಅರ್ಹತೆ ಇಲ್ಲ. ಕೊನೆಯವರಾಗಿ ಮುಟ್ಟಿದರೂ ಮಿತಿಯೊಳಗಿದ್ದರೆ ಉಂಟು. ಪ್ರತಿ ಈಜಿಗೆ, ಪ್ರತಿ ದೂರಕ್ಕೆ, ಹುಡುಗ ಹುಡುಗಿಯರಿಗೆ ಬೇರೆ ಬೇರೆ ಮಿತಿ.

ಮೊದಲು ಅಂಕಿ ಓದಲು ಕಲಿಯಿರಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ 14 ವರ್ಷದ ಧಿನಿಧಿ ದೇಸಿಂಗು 200 ಮೀಟರ್ ಫ್ರೀಸ್ಟೈಲ್ ಈಜಿದ ಸಮಯ 2:06.96. ಅಂದರೆ 2 ನಿಮಿಷ, 6 ಸೆಕೆಂಡು, ಮತ್ತೆ ಸೆಕೆಂಡಿನ ನೂರು ಪಾಲಿನಲ್ಲಿ 96 ಪಾಲು. ಅಲ್ಲಿನ ನೇರ ಅರ್ಹತಾ ಸಮಯ ಇದಕ್ಕಿಂತ ಬಹಳ ಕಡಿಮೆಯಿತ್ತು; ನೇರ ಅರ್ಹತೆ ಸಿಗದ ದೇಶಗಳಿಗೆಂದು ಇರುವ ವಿಶೇಷ ಅವಕಾಶದಲ್ಲಿ ಆಕೆ ಹೋದಳು.

ಆ ನೂರನೇ ಪಾಲಿಗೆ ಎಷ್ಟು ಬೆಲೆ ಎಂಬುದನ್ನು ಬೆಂಗಳೂರಿನವರೇ ಆದ ಶ್ರೀಹರಿ ನಟರಾಜ್ ಅವರಿಂದ ತಿಳಿಯಬಹುದು. ಟೋಕಿಯೊ ಒಲಿಂಪಿಕ್ಸ್‌ನ 100 ಮೀಟರ್ ಬ್ಯಾಕ್‌ಸ್ಟ್ರೋಕ್‌ಗೆ, ಅಂದರೆ ಬೆನ್ನ ಮೇಲೆ ಮಲಗಿ ಈಜುವ ಸ್ಪರ್ಧೆಗೆ, ಮಿತಿ 53.85 ಸೆಕೆಂಡು. 2021ರ ಜೂನ್‌ನಲ್ಲಿ ರೋಮ್‌ನಲ್ಲಿ ಅವರು ಈಜಿದ್ದು 53.77. ಉಳಿದದ್ದು ನೂರರಲ್ಲಿ ಎಂಟೇ ಪಾಲು! ಅದೂ ‘ಟೈಮ್ ಟ್ರಯಲ್’, ಎಂದರೆ ಪದಕಕ್ಕಲ್ಲದೆ ಸಮಯ ದಾಖಲಿಸಲೆಂದೇ ಈಜಿದ್ದು. ಅಂತರರಾಷ್ಟ್ರೀಯ ಈಜು ಸಂಸ್ಥೆ ಅದನ್ನು ಒಪ್ಪಿದ ಮೇಲೆಯೇ ಅರ್ಹತೆ ಖಚಿತವಾಯಿತು.

ಇಲ್ಲಿರುವ ಪಾಠ ಮುಖ್ಯ: ಸಮಯ ಬಂದರೆ ಸಾಲದು, ಅದಕ್ಕೆ ಮಾನ್ಯತೆಯೂ ಬೇಕು. ಅಭ್ಯಾಸದಲ್ಲಿ ತರಬೇತುದಾರರು ಸ್ಟಾಪ್‌ವಾಚ್ ಒತ್ತಿ ಹೇಳುವ ಸಮಯ ಮಗುವಿನ ಪ್ರಗತಿ ತಿಳಿಯಲು ಸರಿ, ಅರ್ಹತೆಗೆ ಆಗದು. ಹೊಳೆಯ ಸಮಯವಂತೂ ಲೆಕ್ಕಕ್ಕೇ ಬರುವುದಿಲ್ಲ. ಸೆಳವು ಒಮ್ಮೆ ತಳ್ಳುತ್ತದೆ, ಒಮ್ಮೆ ತಡೆಯುತ್ತದೆ.

ಕೊಳದ ಉದ್ದವನ್ನೂ ಕೇಳಿ. 50 ಮೀಟರ್ ಕೊಳದಲ್ಲಿ 100 ಮೀಟರ್ ಈಜಲು ಒಂದೇ ತಿರುವು, 25 ಮೀಟರ್ ಕೊಳದಲ್ಲಿ ಮೂರು. ತಿರುಗುವಾಗ ಗೋಡೆಯನ್ನು ಕಾಲಿನಿಂದ ಒದ್ದು ಚಿಮ್ಮುವ ವೇಗ ಸಿಗುವುದರಿಂದ ಚಿಕ್ಕ ಕೊಳದ ಸಮಯ ಸಾಮಾನ್ಯವಾಗಿ ಕಡಿಮೆ ಬರುತ್ತದೆ. ಎರಡನ್ನೂ ನೇರವಾಗಿ ಹೋಲಿಸಬೇಡಿ.

ನನ್ನ ಮಟ್ಟಿಗೆ, ಹೊಸದಾಗಿ ಈಜುವ ಮಗು ಮೊದಲು ನೋಡಬೇಕಾದ್ದು ತನ್ನದೇ ಹಿಂದಿನ ಸಮಯವನ್ನು. ಒಂದು ನೋಟ್‌ಬುಕ್ ಇಡಿ. ದಿನಾಂಕ, ಈಜಿನ ಬಗೆ, ದೂರ, ಕೊಳದ ಉದ್ದ, ಸಮಯ ಬರೆಯಿರಿ. ಕೂಟದ ಸುತ್ತೋಲೆ ಬಂದಾಗ ವಯಸ್ಸನ್ನು ಯಾವ ದಿನಾಂಕಕ್ಕೆ ಲೆಕ್ಕ ಹಾಕುತ್ತಾರೆ ಎಂಬುದನ್ನು ಮರೆಯದೆ ನೋಡಿ. ಮಗು ಯಾವ ಗುಂಪಿಗೆ ಸೇರುತ್ತದೆ ಎಂಬುದು ಅದರ ಮೇಲೆ ನಿಂತಿದೆ.