ಅಂದಾಜು ಲೆಕ್ಕ ಕಲಿಸುವ ಹೊಸ ಶಿಕ್ಷಕರಿಗೆ ಕಿವಿಮಾತು

ನಾಲ್ಕು, ಐದು, ಆರನೇ ತರಗತಿಗೆ ಗಣಿತ ತೆಗೆದುಕೊಳ್ಳುತ್ತಿರುವ ಮೇಷ್ಟ್ರುಗಳಿಗೆ, ಟೀಚರುಗಳಿಗೆ ನಾಲ್ಕು ಮಾತು ಹೇಳಬೇಕು. ಪೂರ್ಣ ಸಂಖ್ಯೆಯನ್ನು ಹತ್ತಿರದ ಹತ್ತಕ್ಕೆ, ನೂರಕ್ಕೆ ತರುವ ಪಾಠ ನೋಡಲು ಚಿಕ್ಕದು. "ಐದು ಬಂದರೆ ಮೇಲಕ್ಕೆ, ನಾಲ್ಕು ಬಂದರೆ ಕೆಳಕ್ಕೆ" ಎಂದು ಬಾಯಿಪಾಠ ಮಾಡಿಸಿದರೆ ಪರೀಕ್ಷೆಗೆ ಸಾಕಾಗುತ್ತದೆ. ಆದರೆ ಯಾವ ಲೆಕ್ಕಕ್ಕೆ ಎಷ್ಟು ನಿಖರತೆ ಬೇಕು ಎಂದು ಮಗು ತಾನೇ ತೀರ್ಮಾನಿಸುವುದನ್ನು ಕಲಿಯುವುದು ಈ ಪಾಠದಲ್ಲೇ. ರೌಂಡ್ ಮಾಡುವುದು ಕೈಗೆ ರೂಢಿಯಾಗುವ ಕೆಲಸ. ಅಂದಾಜು ಮಾಡಲು ವಿವೇಕ ಬೇಕು. ದಯವಿಟ್ಟು ಎರಡನ್ನೂ ಕಲಿಸಿ.

• ಮೊದಲು ಸ್ಥಾನಬೆಲೆ ಗಟ್ಟಿಯಾಗಿದೆಯೇ ನೋಡಿ. 3,472ರಲ್ಲಿ ಒಟ್ಟು ಎಷ್ಟು ನೂರುಗಳಿವೆ ಎಂದು ಕೇಳಿ. "ನಾಲ್ಕು" ಎಂದರೆ ಎರಡು ದಿನ ಹಿಂದಕ್ಕೆ ಹೋಗಿ, ಕಡ್ಡಿ ಕಟ್ಟುಗಳನ್ನು ಮತ್ತೆ ಕೈಗೆ ಕೊಡಿ. "ಮೂವತ್ತನಾಲ್ಕು" ಎಂದ ಮಗುವಿಗೆ ಆ ಸಂಖ್ಯೆ 3,400 ಮತ್ತು 3,500ರ ನಡುವೆ ಇದೆ ಎಂಬುದು ಹೇಳದೆಯೇ ಹೊಳೆಯುತ್ತದೆ.

• ನಿಯಮ ಹೇಳುವ ಮೊದಲು ಸಂಖ್ಯಾರೇಖೆ ಎಳೆಯಿರಿ. ನೆಲದ ಮೇಲೆ ಸೀಮೆಸುಣ್ಣದ ಗೆರೆ, ಒಂದು ತುದಿಗೆ 60, ಇನ್ನೊಂದಕ್ಕೆ 70. 67ರ ಚೀಟಿ ಹಿಡಿದ ಮಗು ತನ್ನ ಜಾಗ ಹುಡುಕಿ ನಿಲ್ಲಲಿ, ಯಾವ ತುದಿ ಹತ್ತಿರ ಎಂದು ಉಳಿದವರು ಹೇಳಲಿ. ಆಮೇಲೆ ತುದಿಗಳನ್ನು ಖಾಲಿ ಬಿಟ್ಟು ಸಂಖ್ಯೆ ಮಾತ್ರ ಕೊಡಿ. ಜೋಗ ಜಲಪಾತದ ಎತ್ತರ 253 ಮೀಟರ್: ಹತ್ತಿರದ ಹತ್ತು ಬೇಕಾದರೆ ತುದಿಗಳು 250, 260, ಹತ್ತಿರದ ನೂರು ಬೇಕಾದರೆ 200, 300. ತುದಿಗಳನ್ನು ತಾನೇ ಹೇಳಬಲ್ಲ ಮಗುವಿಗೆ ಮುಕ್ಕಾಲು ಪಾಠ ಬಂದಂತೆ.

• ಐದರ ಕಟ್ಟುಪಾಡಿಗೆ ಕಾರಣ ತಿಳಿಸಿ. 250 ನಿಜವಾಗಿಯೂ 200 ಮತ್ತು 300ಕ್ಕೆ ಸಮದೂರ. ಆದರೆ 251ರಿಂದ 259ರವರೆಗಿನ ಸಂಖ್ಯೆಗಳು 300ಕ್ಕೇ ಹತ್ತಿರ. ನಡುವಿನ 250ನ್ನೂ ಅವುಗಳ ಜೊತೆಗೆ ಸೇರಿಸಿಕೊಂಡರೆ ಹತ್ತರ ಸ್ಥಾನದ ಒಂದೇ ಅಂಕಿ ನೋಡಿ ತೀರ್ಮಾನಿಸಬಹುದು. ಇದು ನಾವು ಒಪ್ಪಿಕೊಂಡ ಪದ್ಧತಿ ಎಂದು ಮಕ್ಕಳಿಗೆ ಸ್ಪಷ್ಟವಾಗಿ ಹೇಳಿ. 1961ರ ಆದಾಯ ತೆರಿಗೆ ಕಾಯ್ದೆಯ 288ಎ ಸೆಕ್ಷನ್ನಿನಲ್ಲೂ ಒಟ್ಟು ಆದಾಯವನ್ನು ಹತ್ತು ರೂಪಾಯಿಯ ಲೆಕ್ಕಕ್ಕೆ ತರುವಾಗ ಕೊನೆಯ ಅಂಕಿ 5 ಅಥವಾ ಹೆಚ್ಚಿದ್ದರೆ ಮೇಲಕ್ಕೆ ಎಂದೇ ಬರೆದಿತ್ತು.

• ಒಂಬತ್ತುಗಳಲ್ಲಿ ಎಡವುವವರನ್ನು ಗಮನಿಸಿ. 3,996ನ್ನು ಹತ್ತಿರದ ಹತ್ತಕ್ಕೆ ತನ್ನಿ ಎಂದರೆ ಒಂಬತ್ತರ ಜಾಗದಲ್ಲಿ ಹತ್ತನ್ನು ಬರೆದು ಗಾಬರಿಯಾಗುವ ಮಕ್ಕಳಿರುತ್ತಾರೆ. ಅವರಿಗೆ 399 ಹತ್ತುಗಳ ಮುಂದಿನದು 400 ಹತ್ತು ಎಂದು ಎಣಿಸಿ ತೋರಿಸಿ. ಉತ್ತರ 4,000.

• ಎರಡು ಸಲ ರೌಂಡ್ ಮಾಡಲು ಬಿಡಬೇಡಿ. 446ನ್ನು ನೂರಕ್ಕೆ ತರುವಾಗ ಮೊದಲು 450, ಅಲ್ಲಿಂದ 500 ಎಂದು ಮೆಟ್ಟಿಲು ಹತ್ತುವ ಮಕ್ಕಳಿದ್ದಾರೆ. ಸಂಖ್ಯಾರೇಖೆಗೆ ಕರೆದುಕೊಂಡು ಹೋಗಿ: 400ಕ್ಕೆ 46 ದೂರ, 500ಕ್ಕೆ 54. ಪ್ರತಿ ಸಲವೂ ಮೂಲ ಸಂಖ್ಯೆಯಿಂದಲೇ ನೋಡಬೇಕು.

• ಅಂದಾಜು ಮೊದಲು, ಲೆಕ್ಕ ಆಮೇಲೆ. ತಪ್ಪಾದೀತೆಂಬ ಭಯಕ್ಕೆ ಮಕ್ಕಳು ನಿಖರ ಉತ್ತರ ತೆಗೆದು ಅದನ್ನೇ ರೌಂಡ್ ಮಾಡಿ ಬರೆಯುತ್ತಾರೆ. ಅಂಥ ಅಂದಾಜಿನಿಂದ ಯಾವ ಪ್ರಯೋಜನವೂ ಇಲ್ಲ. 605 × 49 ಎಂದು ಹಲಗೆಯ ಮೇಲೆ ಬರೆದು, ಪೆನ್ಸಿಲ್ ಕೆಳಗಿಡಿಸಿ, "600ರ 50 ಪಟ್ಟು ಎಷ್ಟು?" ಎಂದು ಕೇಳಿ. 30,000 ಮನಸ್ಸಿನಲ್ಲಿದ್ದರೆ, ಸೊನ್ನೆ ಬಿಟ್ಟು ಗುಣಿಸಿ 3,185 ತಂದ ಮಗು ತಾನೇ ತಡೆದು ನಿಲ್ಲುತ್ತದೆ. ಸರಿಯಾದದ್ದು 29,645.

• ಯಾವ ದಿಕ್ಕಿಗೆ ಹೋಗಬೇಕೆಂದು ಸಂದರ್ಭವನ್ನು ಕೇಳಲು ಕಲಿಸಿ. 50 ಸೀಟಿನ ಬಸ್ಸುಗಳಲ್ಲಿ 212 ಮಕ್ಕಳು ಪ್ರವಾಸಕ್ಕೆ ಹೊರಟಾಗ ನಿಯಮದಂತೆ 200 ಎಂದುಕೊಂಡು ನಾಲ್ಕು ಬಸ್ಸು ಹೇಳಿದರೆ 12 ಮಕ್ಕಳು ಶಾಲೆಯಲ್ಲೇ ಉಳಿಯುತ್ತಾರೆ. ಬಿಸಿಯೂಟಕ್ಕೆ ಒಂದರಿಂದ ಐದನೇ ತರಗತಿಯ ಮಗುವಿಗೆ 100 ಗ್ರಾಂ ಅಕ್ಕಿ. 143 ಮಕ್ಕಳನ್ನು 140 ಎಂದುಕೊಂಡರೆ 14 ಕಿಲೋ, ಮೂವರ ಪಾಲು ಸಾಲದು. ಅಲ್ಲಿ 150 ಎಂದು ಹಿಡಿಯುವುದೇ ಜಾಣತನ. ಅಂಗಡಿಯಲ್ಲೂ ಹಾಗೆಯೇ: ಕೈಯಲ್ಲಿ ₹200 ಇದ್ದು ಸಾಮಾನಿನ ಬೆಲೆ ₹54, ₹64, ₹84 ಆದರೆ 50, 60, 80 ಸೇರಿ 190 ಎಂದು ಧೈರ್ಯ ತಂದುಕೊಂಡವರಿಗೆ ₹202ರ ಬಿಲ್ಲು ಬರುತ್ತದೆ. ದುಡ್ಡು ಸಾಕೇ ಎಂದು ನೋಡುವಾಗ ಬೆಲೆಗಳನ್ನು ಮೇಲಕ್ಕೇ ಏರಿಸಿಕೊಳ್ಳಬೇಕು.

• ಅಂದಾಜು ಹೆಚ್ಚಾಯಿತೇ, ಕಡಿಮೆಯಾಯಿತೇ ಎಂದು ತಪ್ಪದೆ ಕೇಳಿ. 487 + 296 + 378ಕ್ಕೆ 500, 300, 400 ಹಿಡಿದರೆ 1,200. ಮೂರನ್ನೂ ಏರಿಸಿದ್ದರಿಂದ ನಿಜವಾದ 1,161 ಅದಕ್ಕಿಂತ ಕಡಿಮೆ. ಕಳೆಯುವಾಗ ನೋಡಿ: 792 − 389ರಲ್ಲಿ ಎರಡೂ ಏರಿದವು, ಅಂದಾಜು 400, ನಿಜ 403. ಆದರೆ 812 − 389ರಲ್ಲಿ ಒಂದು ಇಳಿದು ಒಂದು ಏರಿತು, ಅಂದಾಜು ಅದೇ 400, ನಿಜ 423. ಗುಣಿಸುವಾಗ ಎರಡನ್ನೂ ಏರಿಸಿದರೆ ಅಂತರ ದೊಡ್ಡದಾಗುತ್ತದೆ: 38 × 47ಕ್ಕೆ 2,000 ಎಂದರೆ ನಿಜ 1,786. ಒಂದು ಏರಿ ಒಂದು ಇಳಿದರೆ ಹತ್ತಿರ ಬರುತ್ತದೆ: 48 × 52ಕ್ಕೆ 2,500, ನಿಜ 2,496. ಈ ಚರ್ಚೆಗೆ ಒಂದು ಪೂರ್ತಿ ಪೀರಿಯಡ್ ಕೊಡಿ. ಮಕ್ಕಳ ಬುದ್ಧಿ ಚುರುಕಾಗುವುದು ಇಲ್ಲಿ.

• ಭಾಗಾಕಾರಕ್ಕೆ ಮಗ್ಗಿಗೆ ಹೊಂದುವ ಸಂಖ್ಯೆ ಹುಡುಕಿಸಿ. 4,318 ÷ 6ಕ್ಕೆ 4,300 ಹಿಡಿದರೆ ಕೆಲಸ ಸುಲಭವಾಗುವುದಿಲ್ಲ. ಆರರ ಮಗ್ಗಿಯಲ್ಲಿ 42 ಇದೆ, ಆದ್ದರಿಂದ 4,200 ÷ 6 = 700. ಉತ್ತರ 700ಕ್ಕಿಂತ ಸ್ವಲ್ಪ ಹೆಚ್ಚು ಎಂದು ಬಾಯಲ್ಲೇ ಹೇಳಬಹುದು.

• ಎಷ್ಟರ ಮಟ್ಟಿಗೆ ರೌಂಡ್ ಮಾಡಬೇಕೆಂದು ಯೋಚಿಸಲು ದೊಡ್ಡ ಸಂಖ್ಯೆ ಕೊಡಿ. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 6,10,95,297. ಹತ್ತಿರದ ಲಕ್ಷಕ್ಕೆ 6,11,00,000. ಹತ್ತಿರದ ಕೋಟಿಗೆ 6 ಕೋಟಿ. ಭಾಷಣಕ್ಕೆ ಯಾವುದು ಸಾಕು, ಪಡಿತರದ ಲೆಕ್ಕಕ್ಕೆ ಯಾವುದು ಬೇಕು ಎಂದು ಕೇಳಿ. ಒಂದು ದಿನ ಪತ್ರಿಕೆ ತಂದು ಅದರಲ್ಲಿ ಎಣಿಸಿದ ಸಂಖ್ಯೆ ಯಾವುದು, ಅಂದಾಜಿನದು ಯಾವುದು ಎಂದು ಗುರುತು ಹಾಕಿಸಿ.

• ಕಣ್ಣಿಗೂ ಅಂದಾಜು ಕಲಿಸಿ. ಡಬ್ಬಿಯ ತುಂಬ ಹುಣಸೆ ಬೀಜ ಇಡಿ. ಮೊದಲು ಸುಮ್ಮನೆ ಊಹಿಸಲಿ. ಆಮೇಲೆ ಒಂದು ಹಿಡಿ ಎಣಿಸಿ, ಡಬ್ಬಿಯಲ್ಲಿ ಎಷ್ಟು ಹಿಡಿ ಇರಬಹುದೆಂದು ನೋಡಿ, ಗುಣಿಸಿ ಹೇಳಲಿ. ಕೊನೆಗೆ ಹತ್ತರ ಗುಂಪು ಮಾಡಿ ಎಣಿಸಲಿ. ಊಹೆಗೂ ಅಂದಾಜಿಗೂ ಇರುವ ವ್ಯತ್ಯಾಸ ಅಲ್ಲೇ ತಿಳಿಯುತ್ತದೆ.

• ಎಲ್ಲಿ ಅಂದಾಜು ಕೂಡದು ಎಂಬುದನ್ನೂ ಹೇಳಿ. ಔಷಧಿಯ ಅಳತೆ, ಬ್ಯಾಂಕಿನ ಖಾತೆ ಸಂಖ್ಯೆ, ಪಿನ್ ಕೋಡ್, ಹಾಜರಿ: ಇವುಗಳಲ್ಲಿ ಒಂದಂಕಿಯೂ ಅತ್ತಿತ್ತ ಆಗಬಾರದು.

• ಒಂದೇ ಉತ್ತರಕ್ಕೆ ಅಂಕ ಕೊಡಬೇಡಿ. "ಹತ್ತಿರದ ನೂರಕ್ಕೆ ತನ್ನಿ" ಎಂದು ಕೇಳಿದರೆ ಉತ್ತರ ಒಂದೇ, ಸರಿ. "ಅಂದಾಜಿಸಿ" ಎಂದು ಕೇಳಿದ ಮೇಲೆ ಒಬ್ಬರು 1,200, ಇನ್ನೊಬ್ಬರು 1,150 ಎಂದಾರು. ಹೇಗೆ ಬಂತೆಂದು ಕೇಳಿ, ದಾರಿ ಸರಿಯಿದ್ದರೆ ಇಬ್ಬರಿಗೂ ಪೂರ್ಣ ಅಂಕ ಕೊಡಿ. ಇಲ್ಲಿ ಕೆಂಪು ಶಾಯಿ ಹೆಚ್ಚಾದರೆ ಮಕ್ಕಳು ಅಂದಾಜನ್ನೇ ಬಿಟ್ಟುಬಿಡುತ್ತಾರೆ.

• ಪಾಠ ಮುಗಿದ ಮೇಲೂ ಬಿಡಬೇಡಿ. ಪ್ರತಿ ಗಣಿತ ಪೀರಿಯಡ್ಡಿನ ಮೊದಲ ಐದು ನಿಮಿಷ ಒಂದು ಅಂದಾಜಿಗೆ ಮೀಸಲಿಡಿ. ಮನೆಮನೆಯ ಮೊಬೈಲಿನಲ್ಲೂ ಕ್ಯಾಲ್ಕುಲೇಟರ್ ಇದೆ. ಬೆರಳು ತಪ್ಪಿ ಒಂದು ಸೊನ್ನೆ ಹೆಚ್ಚು ಒತ್ತಿದರೂ ಅದು ಉತ್ತರ ಕೊಟ್ಟೇ ಕೊಡುತ್ತದೆ. "ಇದು ಇಷ್ಟಾಗಲು ಸಾಧ್ಯವೇ ಇಲ್ಲ" ಎಂದು ಹೇಳುವ ಧೈರ್ಯ ಮಗುವಿಗೆ ಬರಬೇಕಾದದ್ದು ನಿಮ್ಮ ತರಗತಿಯಿಂದ. ಆ ಧೈರ್ಯವನ್ನು ಪ್ರತಿ ಮಗುವಿಗೂ ಕೊಟ್ಟು ಕಳಿಸಿ.