ಕ್ಲಚ್ ಪ್ಲೇಟ್ ಹೋಗಿರಲಿಲ್ಲ

ನನ್ನ ಬೈಕಿನ ಕ್ಲಚ್ ಪ್ಲೇಟ್ ಹೋಗಿತ್ತು, ತಾವು ಮೊದಲೇ ಹೇಳಿದರೂ ನಾನು ಕೇಳಲಿಲ್ಲ ಎಂದು ನಮ್ಮ ಭಾವ ಮೂಡಿಗೆರೆಯಿಂದ ಕಳಸದವರೆಗೆ ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬರುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯಬೇಕಾಯಿತು. ಪ್ಲೇಟ್ ಹೋಗಿರಲಿಲ್ಲ. ಅದೇ ಪ್ಲೇಟುಗಳಲ್ಲಿ ಬೈಕು ಇವತ್ತಿಗೂ ಘಾಟಿ ಹತ್ತುತ್ತಿದೆ. ಹೋಗಿದ್ದು ಒಂದು ಸಣ್ಣ ರಬ್ಬರ್ ಸೀಲು, ಕಟ್ಟಿಕೊಂಡಿದ್ದು ಸೂಜಿಮೊನೆಯಷ್ಟು ಒಂದು ತೂತು.

ಬೈಕು ಸಾವಿರ ಸಿಸಿಯದು, ಜಪಾನಿನದು. ಕ್ಲಚ್‌ಗೆ ಕೇಬಲ್ ಇಲ್ಲ, ಎಣ್ಣೆ. ಗೋದಾಮಿನ ಪಕ್ಕದ ಶೆಡ್ಡಿನಲ್ಲಿ ಕೆಲವು ಮಳೆಗಾಲ ನಿಂತೇ ಇತ್ತು. ಯಾಕೆ ನಿಂತಿತು ಎನ್ನುವುದು ಮನೆಯ ವಿಷಯ, ಇಲ್ಲಿ ಬೇಡ. ಹಳೆ ಪೆಟ್ರೋಲ್ ಬಸಿದು, ಹೊಸ ಬ್ಯಾಟರಿ ಹಾಕಿ, ಇಲಿ ಕಡಿದ ವಯರು ಸುತ್ತಿದ ಮೇಲೆ ಎಂಜಿನ್ ಎದ್ದಿತು. ಕ್ಲಚ್ ಲಿವರ್ ಮಾತ್ರ ಒಂದು ಚೂರೂ ಎದುರಾಡದೆ ಹಿಡಿಕೆಗೆ ಬಂದು ಒರಗಿತು. ಹ್ಯಾಂಡಲ್ ಮೇಲಿನ ಡಬ್ಬಿ ತೆರೆದರೆ ಎಣ್ಣೆ ಅರ್ಧಕ್ಕಿಂತ ಕೆಳಗೆ, ಕಡುಕಂದು ಬಣ್ಣ, ತಳದಲ್ಲಿ ಲೋಳೆ.

ಭಾವ ಬಗ್ಗಿ ನೋಡಿದವರೇ, “ಪ್ಲೇಟ್ ಹೋಗಿದೆ ಮಾರಾಯ. ಆದ್ರೂ ಸ್ವಲ್ಪ ಎಣ್ಣೆ ಹಾಕಿ ನೋಡುವ” ಎಂದರು. ಆ ಡಬ್ಬಿಯ ಮುಚ್ಚಳದ ಮೇಲೇ ‘ಸೀಲ್ ಇರುವ ಬಾಟಲಿಯ ಡಾಟ್ 4 ಮಾತ್ರ ಹಾಕಿ’ ಎಂದು ಇಂಗ್ಲಿಷಿನಲ್ಲಿ ಅಚ್ಚು ಹಾಕಿದ್ದಾರೆ. ಮೂಡಿಗೆರೆಯಿಂದ ಹೊಸ ಬಾಟಲಿ ತರೋಣ ಭಾವ ಎಂದು ಹೇಳಿ ನಾನು ಕೈ ತೊಳೆಯಲು ಹೋದೆ. ಬರುವಷ್ಟರಲ್ಲಿ ಅವರು ಜೀಪಿನ ಸೀಟಿನಡಿಯಿಂದ ಯಾವ ಕಾಲದ್ದೋ ತೆರೆದ ಬಾಟಲಿ ತೆಗೆದು ಸುರಿದು, ಲಿವರನ್ನು ಪಟಪಟ ಒತ್ತುತ್ತಿದ್ದರು. “ನೋಡು, ಗಟ್ಟಿಯಾಯ್ತು!” ನಿಜ, ಆಗಿತ್ತು. ತೋಟದ ರಸ್ತೆಯಲ್ಲಿ ಗೇರು ಸಲೀಸಾಗಿ ಬಿತ್ತು. ಮರುದಿನ ಕಳಸದಲ್ಲಿ ನೆಂಟರ ಮದುವೆ. “ಬೈಕಲ್ಲೇ ಹೋಗು, ಏನಾಗಲ್ಲ” ಎಂದವರೂ ಅವರೇ.

ಕೊಟ್ಟಿಗೆಹಾರ ದಾಟುವವರೆಗೆ ಏನೂ ಆಗಲಿಲ್ಲ. ಅಲ್ಲಿಂದ ಕಳಸದ ರಸ್ತೆ ಹೇಗಿದೆ ಎಂದು ಈ ಕಡೆಯವರಿಗೆ ಹೇಳಬೇಕಿಲ್ಲ: ತಿರುವಿಗೊಮ್ಮೆ ಕ್ಲಚ್, ತಿರುವಿಗೊಮ್ಮೆ ಗೇರು. ಎಂಜಿನ್ ಬಿಸಿಯಾದಂತೆ ಲಿವರ್ ಸ್ವಲ್ಪ ಸ್ವಲ್ಪವೇ ಹಿಡಿಕೆಯ ಹತ್ತಿರಕ್ಕೆ ಬಂದು ಕಚ್ಚುತ್ತಿತ್ತು. ಎರಡು ಸಲ ಒತ್ತಿದರೆ ಮತ್ತೆ ಸರಿಹೋಗುತ್ತಿತ್ತು.

ಹಿರೇಬೈಲು ದಾಟಿದ ಮೇಲೆ ಇಳಿಜಾರಿನ ಒಂದು ತಿರುವು. ಎಡಕ್ಕೆ ಕಣಿವೆ, ಬಲಕ್ಕೆ ಧರೆ. ಎದುರಿಂದ ಬಸ್ಸು ಪೂರ್ತಿ ರಸ್ತೆ ತುಂಬಿಕೊಂಡು ಬಂತು. ನಾನು ಎರಡನೇ ಗೇರಿನಲ್ಲಿದ್ದೆ. ಬ್ರೇಕ್ ಹಿಡಿದು ಕ್ಲಚ್ ಎಳೆದರೆ ಬೆರಳಿಗೆ ಏನೂ ಸಿಗಲಿಲ್ಲ. ಮತ್ತೆ ಎಳೆದೆ, ಮತ್ತೆ ಎಳೆದೆ, ಗಾಳಿ ಹಿಂಡಿದ ಹಾಗೆ. ಬ್ರೇಕ್ ತಡೆಯುತ್ತಿದೆ, ಎಂಜಿನ್ ತಳ್ಳುತ್ತಿದೆ, ಬೈಕು ಗಡಗಡ ಕುಲುಕುತ್ತ ಬಸ್ಸಿನ ಬಂಪರ್ ಕಡೆಗೇ ತೆವಳುತ್ತಿದೆ. ಎಡಕ್ಕೆ ಹ್ಯಾಂಡಲ್ ತಿರುಗಿಸಿದೆ. ಡಾಂಬರು ಮುಗಿದು ಜಲ್ಲಿ ಸಿಕ್ಕಿತು. ಆಗ ಬಲಗೈ ಹೆಬ್ಬೆರಳು ಕೆಂಪು ಸ್ವಿಚ್ಚಿನ ಮೇಲೆ ಹೋಯಿತು. ಎಂಜಿನ್ ಸತ್ತಿತು, ಬೈಕು ಒಂದು ಜಗ್ಗು ಜಗ್ಗಿ ನಿಂತಿತು. ನಿಂತ ಮೇಲೆ ಎಡಕ್ಕೆ ವಾಲತೊಡಗಿತು. ಇನ್ನೂರು ಕೆಜಿಗೆ ಮೀರಿದ ಕಬ್ಬಿಣ ಅದು. ಕಾಲು ಊರಿದ ಕಡೆ ಜಲ್ಲಿ ಜಾರುತ್ತಿದೆ, ಅದರಾಚೆ ಯಾರದೋ ಕಾಫಿ ಗಿಡಗಳ ತಲೆ ಕಾಣುತ್ತಿದೆ. ಬಸ್ಸಿನಿಂದ ಇಳಿದವರು ಹಿಂದಿನ ಕ್ಯಾರಿಯರ್ ಹಿಡಿದು ಜಗ್ಗದಿದ್ದರೆ ಈ ಲೇಖನ ಬರೆಯಲು ನಾನಿರುತ್ತಿರಲಿಲ್ಲ.

ಹಿಡಿದದ್ದೇನೋ ಸರಿ, ತಳ್ಳಲು ಬರುವುದಿಲ್ಲ. ಗಾಡಿ ಗೇರಿನಲ್ಲಿದೆ, ಕ್ಲಚ್ ಇಲ್ಲ. ಹಿಂದೆ ಮುಂದೆ ಅಲ್ಲಾಡಿಸುತ್ತ ಬೂಟಿನ ತುದಿಯಿಂದ ಮೀಟಿ ಮೀಟಿ ನ್ಯೂಟ್ರಲ್‌ಗೆ ತರುವಷ್ಟರಲ್ಲಿ ಬಸ್ಸಿನ ಹಿಂದೆ ಪಿಕಪ್ಪು, ಜೀಪುಗಳ ಸಾಲು. ಕಂಡಕ್ಟರ್ ಒಂದೇ ಮಾತು ಕೇಳಿದ: “ಇಷ್ಟ್ ದೊಡ್ಡ ಗಾಡಿ ಯಾಕ್ ಸಾರ್ ಈ ರೋಡಿಗೆ?” ಸಂಜೆ ಭಾವ ಪಿಕಪ್ ತಂದರು. ಬೈಕನ್ನು ಹಗ್ಗ ಹಾಕಿ ಬಿಗಿಯುತ್ತ, “ಹೇಳಿದ್ನಲ್ಲ, ಪ್ಲೇಟ್ ಅಂತ” ಎಂದರು.

ಪೇಟೆಯ ಸರ್ವೀಸ್ ಸೆಂಟರಿಗೆ ಫೋನ್ ಮಾಡಿದರೆ ಅಲ್ಲಿಯ ಹುಡುಗ ನನ್ನ ಮಾತು ಮುಗಿಯುವ ಮೊದಲೇ ಪೂರ್ತಿ ಕ್ಲಚ್ ಸೆಟ್ಟು, ಮಾಸ್ಟರ್ ಸಿಲಿಂಡರ್ ಎಲ್ಲ ಬದಲಾಯಿಸಬೇಕು, ಲಾರಿಗೆ ಹಾಕಿ ಕಳಿಸಿ ಎಂದ. ಎಣ್ಣೆ ಇಳಿದಿತ್ತೋ ಏರಿತ್ತೋ ಎಂದು ಭಾವನೂ ಕೇಳಲಿಲ್ಲ, ಅವನೂ ಕೇಳಲಿಲ್ಲ. ಇಡೀ ವ್ಯಾಜ್ಯ ತೀರ್ಮಾನವಾಗುವುದೇ ಅಲ್ಲಿ. ಇಂಥ ಕ್ಲಚ್ಚಿನಲ್ಲಿ ಪ್ಲೇಟ್ ಸವೆದಷ್ಟೂ ಒಳಗಿನ ಪಿಸ್ಟನ್ ಹಿಂದಕ್ಕೆ ಸರಿಯುತ್ತದೆ, ಅದು ತಳ್ಳಿದ ಎಣ್ಣೆ ಡಬ್ಬಿಗೆ ಬಂದು ಮಟ್ಟ ಏರುತ್ತದೆ. ಬ್ರೇಕಿನಲ್ಲಿ ಆಗುವುದಕ್ಕೆ ತದ್ವಿರುದ್ಧ. ನನ್ನ ಡಬ್ಬಿಯಲ್ಲಿ ಮಟ್ಟ ಇಳಿದಿತ್ತು. ಅಂದರೆ ಸೋರಿಕೆ. ಅಲ್ಲದೆ ಸವೆದ ಪ್ಲೇಟ್ ಜಾರುತ್ತದೆ: ಎಂಜಿನ್ ಕೂಗುತ್ತದೆ, ಗಾಡಿ ಹೋಗುವುದಿಲ್ಲ. ನನ್ನದು ಬಿಡಿಸಿಕೊಳ್ಳಲಾರದೆ ನುಗ್ಗಿತ್ತು.

ಮುಂದಿನ ಸ್ಪ್ರಾಕೆಟ್ಟಿನ ಕವರ್ ಬಿಚ್ಚಿದೆ. ಚೈನಿನ ಗ್ರೀಸು, ಧೂಳು ಸೇರಿದ ಕಪ್ಪು ಮಡ್ಡಿಯ ಅಡಿಯಲ್ಲಿ, ಆ ಪಿಸ್ಟನ್ ಕೂತಿರುವ ಸ್ಲೇವ್ ಸಿಲಿಂಡರ್ ಒದ್ದೆಯಾಗಿತ್ತು. ಒಳಗೆ ಬಿಳಿ ಪುಡಿ, ತುಕ್ಕಿನ ಗುಳಿ, ತುಟಿ ಹರಿದ ಸೀಲು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಸೀಲ್ ಕಿಟ್ ತರಿಸಿದೆ. ಅದು ಬಂದ ದಿನವೇ ಭಾವ ಉಪಕಾರ ಮಾಡಲು ಹೋಗಿ ಹೊಸ ಸೀಲನ್ನು ಪೆಟ್ರೋಲಿನಲ್ಲಿ ತೊಳೆದಿಟ್ಟರು. ಈ ರಬ್ಬರ್ ಪೆಟ್ರೋಲ್, ಸೀಮೆಎಣ್ಣೆ ಸೋಕಿದರೆ ಊದಿಕೊಳ್ಳುತ್ತದೆ. ಇನ್ನೊಂದು ಕಿಟ್ ತರಿಸಬೇಕಾಯಿತು. ದುಡ್ಡು ಕೊಟ್ಟವನು ನಾನು.

ಎಲ್ಲ ಜೋಡಿಸಿ ಹೊಸ ಎಣ್ಣೆ ಹಾಕಿದರೂ ಗುಳ್ಳೆ ಮೇಲೆ ಬರಲಿಲ್ಲ, ಲಿವರ್ ಗಟ್ಟಿಯಾಗಲಿಲ್ಲ. “ಇನ್ನಾದ್ರೂ ಒಪ್ಕೊ” ಎಂದರು ಭಾವ. ಒಪ್ಪಲಿಲ್ಲ. ಡಬ್ಬಿಯ ತಳದಲ್ಲಿ ಎರಡು ತೂತುಗಳಿರುತ್ತವೆ. ದೊಡ್ಡದು ಕಣ್ಣಿಗೆ ಬೀಳುತ್ತದೆ, ಸಣ್ಣದು ಟಾರ್ಚ್ ಬಿಟ್ಟು ಹುಡುಕಿದರೆ ಮಾತ್ರ. ಎಣ್ಣೆ ವಾಪಸಾಗುವುದು, ಗಾಳಿ ಹೊರಬೀಳುವುದು ಆ ಸಣ್ಣದರಲ್ಲಿ. ಅದು ಲೋಳೆಯಿಂದ ಮುಚ್ಚಿಹೋಗಿತ್ತು. ವಯರಿನೊಳಗಿನ ಒಂದೇ ಒಂದು ತಾಮ್ರದ ಎಳೆ ಬಿಡಿಸಿ ಚುಚ್ಚಿದೆ. ಆಮೇಲೆ ದನದ ಡಾಕ್ಟರ ಹತ್ತಿರ ತಂದ ದಪ್ಪ ಸಿರಿಂಜಿನಲ್ಲಿ ಸ್ಲೇವ್ ಸಿಲಿಂಡರಿನ ಗಾಳಿ ಬಿಡುವ ನಿಪ್ಪಲ್ ಮೂಲಕ ಎಣ್ಣೆಯನ್ನು ಮೇಲಕ್ಕೆ ತಳ್ಳಿದೆ. ಗುಳ್ಳೆಗಳು ಬುಳುಬುಳು ಎದ್ದವು. ರಾತ್ರಿ ಲಿವರನ್ನು ಸೈಕಲ್ ಟ್ಯೂಬಿನಿಂದ ಹಿಡಿಕೆಗೆ ಬಿಗಿದಿಟ್ಟೆ. ಬೆಳಿಗ್ಗೆ ಬಿಚ್ಚಿ ಒತ್ತಿದರೆ ಮೊದಲ ಒತ್ತಿಗೇ ಗಟ್ಟಿ.

ಈ ಲೋಳೆ, ತುಕ್ಕಿಗೆಲ್ಲ ಮೂಲ ತೇವ. ತೇವದ ಲೆಕ್ಕ ನಮ್ಮ ಸೀಮೆಯವರಿಗೆ ಹೊಸ ವಿದ್ಯೆಯಲ್ಲ. ಪಾರ್ಚ್‌ಮೆಂಟ್ ಕಾಫಿಯ ತೇವಾಂಶ ಶೇ. 10ಕ್ಕೆ ಇಳಿಯದೆ ಮೂಟೆ ಕಟ್ಟುವವರಲ್ಲ ನಾವು. ಡಾಟ್ 4 ಎಣ್ಣೆಯೂ ಗಾಳಿಯ ತೇವ ಹೀರುತ್ತದೆ. ಹೊಸದು 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ, ಬರೀ ಶೇ. 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ನಿಂತ ಗಾಡಿಯಲ್ಲಿ ಕುದಿಯುವ ಮಾತಿಲ್ಲ. ಅಲ್ಲಿ ನೀರು ಕೂತು ಲೋಹವನ್ನು ತಿನ್ನುತ್ತದೆ.

ಗಾಡಿ ನಿಲ್ಲಿಸಿಟ್ಟವರಿಗೆ ನಾಲ್ಕು ಮಾತು:

ಲಿವರ್ ಮೆತ್ತಗಿದ್ದರೆ ತೊಂದರೆ ಎಣ್ಣೆಯ ಕಡೆ. ಲಿವರ್ ಗಟ್ಟಿ ಇದ್ದೂ ಗೇರು ಹಾಕಿದೊಡನೆ ಗಾಡಿ ಹಾರಿದರೆ ಪ್ಲೇಟುಗಳು ಒಂದಕ್ಕೊಂದು ಅಂಟಿವೆ. ಎಂಜಿನ್ ಬಿಸಿ ಮಾಡಿ ಆರಿಸಿ, ಗೇರಿಗೆ ಹಾಕಿ, ಕ್ಲಚ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದರೆ ಸಾಮಾನ್ಯವಾಗಿ ಬಿಡುತ್ತವೆ.

ಸ್ಲೇವ್ ಸಿಲಿಂಡರ್ ಬಿಚ್ಚಿದಾಗ ಲಿವರ್ ಒತ್ತಬೇಡಿ, ಪಿಸ್ಟನ್ ಹೊರಗೆ ಹಾರುತ್ತದೆ. ಎಣ್ಣೆ ಪೇಂಟಿಗೆ ಬಿದ್ದರೆ ಕೂಡಲೇ ನೀರು ಹೊಯ್ಯಿರಿ.

ಎಲ್ಲ ಗಾಡಿಗೂ ಡಾಟ್ 4 ಅಲ್ಲ. ಹಳೆಯ ಕೆಟಿಎಂ 990 ಅಡ್ವೆಂಚರ್, ಹಳೆಯ ಬಿಎಂಡಬ್ಲ್ಯು ಆರ್ 1200 ಜಿಎಸ್‌ನಂಥವುಗಳ ಕ್ಲಚ್ಚಿಗೆ ಮಿನರಲ್ ಎಣ್ಣೆ. ಅದಲುಬದಲಾದರೆ ಸೀಲುಗಳೆಲ್ಲ ಹಾಳು. ಮುಚ್ಚಳ ಓದಿ.

ಎರಡು ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ ಎಣ್ಣೆ ಬದಲಿಸಿ. ಸಣ್ಣ ಬಾಟಲಿಯನ್ನೇ ಕೊಳ್ಳಿ. ಉಳಿದದ್ದನ್ನು ಹಳ್ಳಕ್ಕೆ ಚೆಲ್ಲಬೇಡಿ, ಜೀಪಿನ ಸೀಟಿನಡಿಯಲ್ಲೂ ಇಡಬೇಡಿ. ಭಾವ ಕೇಳಿದರೆ ಖಾಲಿಯಾಯಿತು ಎನ್ನಿ.