ಕಾರು ಮಲಗಿದಾಗ ಕ್ಯಾಮೆರಾವೂ ಮಲಗಲಿ

ಶಿವಮೊಗ್ಗ

ಚಿ. ಕು. ನಯನಾ,

ನಿನ್ನಪ್ಪ ಫೋನ್ ಮಾಡಿದ್ದ. ನೀನು ಡ್ಯಾಶ್‌ಕ್ಯಾಮ್ ತಂದಿದ್ದೀಯಂತೆ, ಅದರ ವೈರನ್ನು ನೀನೇ ಫ್ಯೂಸ್ ಬಾಕ್ಸಿಗೆ ಕೊಡುತ್ತೀನಿ ಅಂತ ಹಟ ಹಿಡಿದಿದ್ದೀಯಂತೆ. "ನೀನಾದರೂ ಅವಳಿಗೆ ಬುದ್ಧಿ ಹೇಳಣ್ಣ" ಅಂದ. ಜೀವಮಾನವೆಲ್ಲ ಆಟೋ ಎಲೆಕ್ಟ್ರಿಕಲ್ ಅಂಗಡಿ ಇಟ್ಟವನು ನಾನು, ನನ್ನ ಬುದ್ಧಿ ಅವನಿಗೆ ರುಚಿಸುವುದಿಲ್ಲ. ಮಾಡು ಮಗಳೇ, ಧೈರ್ಯವಾಗಿ ಮಾಡು. ಒಂದು ಜಾಗವನ್ನು ಮಾತ್ರ ನನಗೆ ಬಿಡು, ಅದು ಯಾವುದು ಅಂತ ಮುಂದೆ ಹೇಳುತ್ತೇನೆ.

ಅಂಗಡಿಗೆ ಕೊಟ್ಟರೆ ಎಲ್ಲರೂ ಚೆನ್ನಾಗಿ ಮಾಡುತ್ತಾರೆ ಎಂಬ ಭ್ರಮೆ ನಿನ್ನಪ್ಪನಿಗಿದೆ. ಎಲ್ಲೆಲ್ಲೋ ಕೆಲಸ ಮಾಡಿಸಿಕೊಂಡು ಕೊನೆಗೆ ನನ್ನ ಬಾಗಿಲಿಗೆ ಬಂದ ಕಾರುಗಳ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿದರೆ ಕಾಣುತ್ತಿದ್ದುದು ಹೆಚ್ಚುಕಮ್ಮಿ ಇಷ್ಟೇ: ಯಾವುದೋ ವೈರಿನ ಸಿಪ್ಪೆಯನ್ನು ಬ್ಲೇಡಿನಲ್ಲಿ ಸುಲಿದು, ಅದಕ್ಕೆ ಹೊಸ ವೈರು ಸುತ್ತಿ, ಮೇಲೊಂದು ಕರಿ ಟೇಪು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಟೇಪಿನ ಅಂಟು ಕರಗಿ ಸುರುಳಿ ಜಾರಿರುತ್ತಿತ್ತು. ಬರಿಯ ತಾಮ್ರ ಬಾಡಿಯ ಕಬ್ಬಿಣಕ್ಕೆ ಬೆರಳಷ್ಟು ದೂರದಲ್ಲಿ ತೂಗುತ್ತಿರುತ್ತಿತ್ತು. ಕಾರಿನ ಬ್ಯಾಟರಿ ಬರೀ 12 ವೋಲ್ಟ್, ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ಅದು ನಿಜ. ಆದರೆ ಶಾರ್ಟ್ ಆದರೆ ಅದೇ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ. ವೈರು ಕೆಂಪಗೆ ಕಾದು ಪಕ್ಕದ ವೈರುಗಳ ಸಿಪ್ಪೆಯನ್ನೂ ಹೊತ್ತಿಸುತ್ತದೆ. ನಿನ್ನಂಥ ನಿಧಾನಸ್ಥೆ ಭಾನುವಾರ ಕೂತು ಮಾಡಿದ ಕೆಲಸ ಆತುರದವನ ಕೆಲಸಕ್ಕಿಂತ ಗಟ್ಟಿಯಾಗಿರುತ್ತದೆ ಅನ್ನುವುದು ನನ್ನ ನಂಬಿಕೆ.

ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಚುಚ್ಚಿದರೂ ಕ್ಯಾಮೆರಾ ನಡೆಯುತ್ತದೆ. ಅರ್ಧ ಜನಕ್ಕೆ ಅಷ್ಟು ಸಾಕು. ಆದರೆ ಗೇರಿನ ಮೇಲೆ ವೈರು ಜೋತಾಡುವುದು, ಮೊಬೈಲ್ ಚಾರ್ಜ್ ಮಾಡಲು ಅದನ್ನು ಕಿತ್ತು ಆಮೇಲೆ ಮರೆಯುವುದು ಎರಡೂ ನಿನ್ನ ವಿಷಯದಲ್ಲಿ ಖಂಡಿತ. ಆದ್ದರಿಂದ ಒಳಗಿನಿಂದಲೇ ಕೊಡು.

ಅದಕ್ಕೆಂದೇ ಸಿಗುವ ಹಾರ್ಡ್‌ವೈರ್ ಕಿಟ್ಟಿನಲ್ಲಿ ಮೂರು ವೈರು ಇರುತ್ತವೆ. ಕರಿಯದು ಬಾಡಿ ಅರ್ಥಿಗೆ. ಕೆಂಪು, ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಫ್ಯೂಸಿಗೆ. ಹಳದಿ, ಸದಾ ಕರೆಂಟ್ ಇರುವ ಫ್ಯೂಸಿಗೆ, ನಮ್ಮವರು 'ಡೈರೆಕ್ಟ್' ಅನ್ನುವುದು ಅದನ್ನೇ. ಸಾಮಾನ್ಯವಾಗಿ ಹೀಗೆ, ಆದರೂ ನಿನ್ನ ಕಿಟ್ಟಿನ ಚೀಟಿಯನ್ನು ಒಮ್ಮೆ ನೋಡಿಕೋ. ನಡುವೆ ಇರುವ ಸಣ್ಣ ಡಬ್ಬಿ 12 ವೋಲ್ಟನ್ನು 5 ವೋಲ್ಟಿಗೆ ಇಳಿಸುತ್ತದೆ.

ಆ ಹಳದಿ ವೈರಿನ ಬಗ್ಗೆ ನಿನ್ನ ಜೊತೆ ಜಗಳವಾಡುವುದಿದೆ. ಕಾರು ನಿಂತಾಗಲೂ ಕ್ಯಾಮೆರಾ ಕಾವಲಿರಲಿ ಅಂತ ಅದನ್ನು ಡೈರೆಕ್ಟ್ ಕೊಡುತ್ತಾರೆ. ಕೇಳಲು ಚೆಂದ. ಲೆಕ್ಕ ಹಾಕು. ಕಾವಲಿನಲ್ಲಿರುವ ಕ್ಯಾಮೆರಾ ಕಾಲು ಆಂಪಿಯರ್ ಎಳೆಯುತ್ತದೆ ಅಂತ ಇಟ್ಟುಕೋ. ದಿನಕ್ಕೆ 6 ಆಂಪಿಯರ್-ಅವರ್ ಆಯಿತು. ಸಣ್ಣ ಪೆಟ್ರೋಲ್ ಕಾರಿನ ಬ್ಯಾಟರಿ 35 ಆಂಪಿಯರ್-ಅವರಿನದು, ಅದೂ ಹೊಸದಾಗಿದ್ದಾಗ. ಗಡಿಯಾರ, ಅಲಾರ್ಮ್, ಲಾಕ್ ಅಂತ ಕಾರು ತಾನೇ ಕುಡಿಯುವುದು ಬೇರೆ. ಮೂರು ದಿನ ನಿಲ್ಲಿಸಿದರೆ ಅರ್ಧ ಬ್ಯಾಟರಿ ಖಾಲಿ. ನೀನೋ ವಾರವೆಲ್ಲ ಮೆಟ್ರೋದಲ್ಲಿ ಆಫೀಸಿಗೆ ಹೋಗುತ್ತೀಯ. ಕಾರು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಸೆಕ್ಯೂರಿಟಿಯವನ ಕಣ್ಣೆದುರು, ಸಿಸಿಟಿವಿಯ ಕೆಳಗೆ ನಿಂತಿರುತ್ತದೆ. ಶನಿವಾರ ಬೆಳಗ್ಗೆ ಊರಿಗೆ ಹೊರಟವಳು ಕೀ ತಿರುಗಿಸಿದರೆ ಟಕ್ ಟಕ್ ಅಂತ ಸದ್ದು ಬರಬೇಕೇ?

ವೋಲ್ಟೇಜ್ ಇಳಿದರೆ ಕಿಟ್ ತಾನೇ ಕಡಿತ ಮಾಡುತ್ತದೆ ಅನ್ನುತ್ತೀಯ. ಮಾಡುತ್ತದೆ. ಆದರೆ ಎಷ್ಟಕ್ಕೆ? ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ವೋಲ್ಟ್ ತೋರಿಸುತ್ತದೆ. 12.2ಕ್ಕೆ ಬಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗೆ ಹೋದರೆ ತಳ ಕಾಣಿಸಿತು ಅಂತಲೇ ಅರ್ಥ. ಕೆಲವು ಕಿಟ್ಟುಗಳು 11.8ರವರೆಗೂ ಬಿಡುತ್ತವೆ. ಕಾರಿನ ಬ್ಯಾಟರಿ ಇರುವುದು ಸ್ಟಾರ್ಟ್ ಮಾಡುವ ಆ ಒಂದು ಕ್ಷಣದ ಭಾರೀ ಎಳೆತಕ್ಕೆ. ಇನ್ವರ್ಟರ್ ಬ್ಯಾಟರಿಯ ಹಾಗೆ ತಳದವರೆಗೆ ಬಳಸಿ ತುಂಬಿಸುತ್ತಿದ್ದರೆ ಬೇಗ ಸಾಯುತ್ತದೆ. ಡೈರೆಕ್ಟ್ ಬೇಕೇ ಬೇಕು ಅನ್ನುವವರು ಕಡಿತವನ್ನು 12.2ಕ್ಕೋ ಅದಕ್ಕಿಂತ ಮೇಲಕ್ಕೋ ಇಡಲಿ.

ನಿನಗೆ ಬೇಡ. ಹಳದಿ, ಕೆಂಪು ಎರಡನ್ನೂ ಸೇರಿಸಿ ಕೀ ಫ್ಯೂಸಿಗೇ ಕೊಡು. ಕೀ ತಿರುಗಿದರೆ ಕ್ಯಾಮೆರಾ ಏಳುತ್ತದೆ, ತೆಗೆದರೆ ಮಲಗುತ್ತದೆ. ರಾತ್ರಿಯಿಡೀ ಬೀದಿಯಲ್ಲಿ ಕಾರು ನಿಲ್ಲಿಸುವವರಿಗಾದರೆ ನಾನು ಬೇರೆ ಹೇಳುತ್ತಿದ್ದೆ.

ಈಗ ಫ್ಯೂಸ್ ಬಾಕ್ಸ್. ಮೊದಲು ಬಾನೆಟ್ ಎತ್ತಿ ಬ್ಯಾಟರಿಯ ನೆಗೆಟಿವ್ ಬಿಚ್ಚುವುದನ್ನು ಕಲಿ, 10 ನಂಬರಿನ ಸ್ಪ್ಯಾನರ್ ಸಾಕು. ಪಾಸಿಟಿವ್‌ಗೆ ಮೊದಲು ಕೈ ಹಾಕಬೇಡ. ಸ್ಪ್ಯಾನರಿನ ಬಾಲ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ. ಕರೆಂಟ್ ಹುಡುಕುವಾಗ ಬ್ಯಾಟರಿ ಸೇರಿರಬೇಕು, ವೈರು ಎಳೆದು ಕೂಡಿಸುವಾಗ ಬಿಚ್ಚಿರಬೇಕು.

ನಿನ್ನ ಕಾರಿನಲ್ಲಿ ಬಾಕ್ಸ್ ಸ್ಟೀರಿಂಗಿನ ಕೆಳಗೆ, ಬಲ ಮೊಣಕಾಲಿನ ಹತ್ತಿರ ಇದೆ. ಯಾವ ಫ್ಯೂಸ್ ಯಾವುದಕ್ಕೆ ಅಂತ ಕಾರಿನ ಪುಸ್ತಕದಲ್ಲಿ ಪಟ್ಟಿ ಇರುತ್ತದೆ. ಏರ್‌ಬ್ಯಾಗ್, ಎಬಿಎಸ್, ಇಂಜಿನ್ ಕಂಪ್ಯೂಟರ್ ಈ ಮೂರರ ಫ್ಯೂಸುಗಳ ಕಡೆ ತಲೆ ಹಾಕಬೇಡ. ವೈಪರ್, ರೇಡಿಯೋ, ಆಕ್ಸೆಸರಿ ಸಾಕೆಟ್, ಇಂಥದ್ದರಲ್ಲಿ ಒಂದನ್ನು ಆರಿಸು. ಹುಡುಕಲು ನಮ್ಮ ಕಾಲದ ಬಲ್ಬಿನ ಟೆಸ್ಟ್ ಲ್ಯಾಂಪ್ ಬೇಡ, ಅದು ಎಳೆಯುವ ಕರೆಂಟ್ ಈಗಿನ ಕಾರಿನ ಸೂಕ್ಷ್ಮ ಸರ್ಕೀಟುಗಳಿಗೆ ಒಗ್ಗುವುದಿಲ್ಲ. ಎಸ್.ಪಿ. ರೋಡಿನಲ್ಲಿ ಒಂದು ಮಲ್ಟಿಮೀಟರ್ ತಗೋ, ಮನೆಗೂ ಆಗುತ್ತದೆ. ಕೀ ಹಾಕಿದಾಗ 12 ವೋಲ್ಟ್, ತೆಗೆದಾಗ ಸೊನ್ನೆ ಬಂದರೆ ಅದೇ ನಿನ್ನ ಫ್ಯೂಸ್. ಆದರೆ ಈಗಿನ ಕಾರುಗಳು ಕೀ ತೆಗೆದ ತಕ್ಷಣ ಮಲಗುವುದಿಲ್ಲ, ಕೆಲವು ಲೈನುಗಳಲ್ಲಿ ಸ್ವಲ್ಪ ಹೊತ್ತು ಕರೆಂಟ್ ಹರಿಯುತ್ತಲೇ ಇರುತ್ತದೆ. ಡೋರ್ ಲಾಕ್ ಮಾಡಿ, ಮೇಲೆ ಹೋಗಿ ಕಾಫಿ ಕುಡಿದು ಬಂದು ಇನ್ನೊಮ್ಮೆ ನೋಡು.

ಅಲ್ಲಿಗೆ ಹಾಕಬೇಕಾದ್ದು ಫ್ಯೂಸ್ ಟ್ಯಾಪ್, ಯಾವ ವೈರನ್ನೂ ಕತ್ತರಿಸದೆ ಒಂದು ಫ್ಯೂಸಿನ ಜಾಗದಲ್ಲಿ ಎರಡು ಕೂರಿಸುವ ಸಾಧನ. ಫ್ಯೂಸುಗಳಲ್ಲಿ ಮಿನಿ, ಮೈಕ್ರೋ, ಗಿಡ್ಡ ಮಿನಿ ಅಂತ ಅಳತೆಗಳಿವೆ. ನಿನ್ನದನ್ನು ಒಂದು ಕಿತ್ತುಕೊಂಡು ಹೋಗಿ ಜೆ.ಸಿ. ರೋಡಿನ ಅಂಗಡಿಯಲ್ಲಿ ತೋರಿಸಿ ತಗೋ. ಕಾಲಿನ ಹತ್ತಿರದ ಗೂಡಿಗೆ ಕಾರಿನ ಹಳೆ ಫ್ಯೂಸ್, ಅದೇ ಬಣ್ಣ, ಅದೇ ಆಂಪಿಯರ್: ಕೆಂಪಾದರೆ 10, ನೀಲಿಯಾದರೆ 15. ಮೇಲಿನ ಗೂಡಿಗೆ ಕ್ಯಾಮೆರಾದ ಫ್ಯೂಸ್, 2 ಅಥವಾ 3 ಆಂಪಿಯರ್. ಫ್ಯೂಸ್ ಇರುವುದು ಮುಖ್ಯವಾಗಿ ವೈರನ್ನು ಕಾಯಲು. ದಪ್ಪ ಇರಲಿ ಅಂತ 15 ಹಾಕಿದೆಯೋ, ಆ ಕೂದಲೆಳೆ ವೈರು ಫ್ಯೂಸಿಗಿಂತ ಮೊದಲು ಸುಟ್ಟುಹೋಗುತ್ತದೆ.

ಟ್ಯಾಪಿಗೆ ಎರಡು ಕಾಲು, ಎರಡು ಕಡೆಯಿಂದಲೂ ಕೂರುತ್ತದೆ. ಬಹಳ ಮಂದಿ ಎಡವುವುದು ಇಲ್ಲೇ. ಸರಿಯಾಗಿ ಕೂರಿಸಿದರೆ ಎರಡು ಫ್ಯೂಸೂ ಬೇರೆ ಬೇರೆ ದಾರಿ ಕಾಯುತ್ತವೆ. ತಿರುಗಿಸಿ ಕೂರಿಸಿದರೆ ಕ್ಯಾಮೆರಾದ ಕರೆಂಟೂ ಹಳೆ ಫ್ಯೂಸಿನ ಮೂಲಕವೇ ಹಾದು ಅದರ ಮೇಲೆ ಹೊರೆ ಕೂಡುತ್ತದೆ. ಕಂಡುಹಿಡಿಯಲು ಒಂದು ಉಪಾಯವಿದೆ. ಕೆಳಗಿನ ಹಳೆ ಫ್ಯೂಸನ್ನು ತೆಗೆದಿಟ್ಟು, ಮೇಲಿನದನ್ನಷ್ಟೇ ಬಿಟ್ಟು ಕೀ ತಿರುಗಿಸು. ಕ್ಯಾಮೆರಾ ಆನ್ ಆದರೆ ದಿಕ್ಕು ಸರಿ. ಸತ್ತಂತೆ ಇದ್ದರೆ ಟ್ಯಾಪನ್ನು ತಿರುಗಿಸಿ ಹಾಕು. ನನ್ನ ಹುಡುಗರಿಗೆಲ್ಲ ಇದನ್ನು ಕಲಿಸಿದ್ದೆ, ನಿನಗೂ ಕಲಿಸಿದಂತಾಯಿತು.

ಕರಿ ವೈರಿನ ತುದಿಯ ಲಗ್ಗನ್ನು ಬಾಡಿಯ ಕಬ್ಬಿಣಕ್ಕೆ ನೇರ ಕೂತಿರುವ ಬೋಲ್ಟಿಗೆ ಬಿಗಿ, ಬಣ್ಣ ಬಳಿದ ಮೈ ಮೇಲಲ್ಲ. ಸೀಟ್ ಬೆಲ್ಟಿನ ಬೋಲ್ಟೂ ಬೇಡ. ಕ್ಯಾಮೆರಾ ಹಂಪು ಬಂದಾಗಲೆಲ್ಲ ಆಫ್ ಆಗಿ ಆನ್ ಆಗುತ್ತಿದ್ದರೆ ಮೊದಲು ಈ ಅರ್ಥನ್ನೇ ಅನುಮಾನಿಸು.

ಈಗ ನನಗೆ ಬಿಡಬೇಕಾದ ಜಾಗ. ಕನ್ನಡಿಯ ಹಿಂದಿನಿಂದ ಹೊರಟ ವೈರನ್ನು ಮೇಲಿನ ರೂಫ್ ಲೈನಿಂಗಿನ ಅಂಚಿನೊಳಗೆ ಬೆರಳಲ್ಲೇ ಒತ್ತುತ್ತ ಬಲಕ್ಕೆ ತರಬಹುದು, ಒಂದು ಹಳೆ ಎಟಿಎಂ ಕಾರ್ಡ್ ಸಾಕು. ಅಲ್ಲಿಂದ ಗಾಜಿನ ಪಕ್ಕದ ಕಂಬದೊಳಗೆ ಕೆಳಗಿಳಿಯಬೇಕು. ನಿನ್ನದು ಆರು ಏರ್‌ಬ್ಯಾಗಿನ ಕಾರು. ಆ ಕಂಬದ ಕವರಿನ ಮೇಲೆ 'ಎಸ್‌ಆರ್‌ಎಸ್ ಏರ್‌ಬ್ಯಾಗ್' ಅಂತ ಅಚ್ಚು ಹಾಕಿರುವುದನ್ನು ನೋಡು. ಕವರಿನ ಹಿಂದೆ ಪರದೆಯ ಏರ್‌ಬ್ಯಾಗ್ ಮಡಿಸಿ ಕೂತಿದೆ, ಗುದ್ದಿದಾಗ ಕಣ್ಣು ಮಿಟುಕಿಸುವಷ್ಟರೊಳಗೆ ಉಬ್ಬಿ ಹೊರಗೆ ಬರುತ್ತದೆ. ಅದರ ಎದುರಿಗೆ ನಿನ್ನ ವೈರು ಅಡ್ಡ ಹಾದರೆ ಚೀಲ ತೆರೆಯುವ ದಾರಿ ಕೆಡಬಹುದು, ವೈರು ಚಾವಟಿಯಂತೆ ಮುಖಕ್ಕೂ ಬರಬಹುದು. ವೈರು ಚೀಲದ ಹಿಂದಿನಿಂದ, ಕಂಪನಿಯವರೇ ಕಟ್ಟಿದ ವೈರಿಂಗಿಗೆ ಟೈ ಹಾಕಿಸಿಕೊಂಡು ಇಳಿಯಬೇಕು. ಕವರ್ ಕೀಳುವ ಮೊದಲು ಬ್ಯಾಟರಿ ಬಿಚ್ಚಿ, ಪುಸ್ತಕದಲ್ಲಿ ಹೇಳಿದಷ್ಟು ಹೊತ್ತು ಕಾಯಬೇಕು. ಕೆಲವು ಕಾರುಗಳಲ್ಲಿ ಆ ಕವರಿನ ಕ್ಲಿಪ್ಪುಗಳನ್ನು ಒಮ್ಮೆ ಬಿಚ್ಚಿದರೆ ಹೊಸದೇ ಹಾಕಬೇಕು. ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು ಅಂತ ತಿಳಿದು ಕೈ ಹಿಂದಕ್ಕೆ ತಗೋ. ಇಷ್ಟು ಓದಿ ನೀನೇ ಮಾಡಬಲ್ಲೆ ಅನ್ನಿಸಬಹುದು. ಬೇಡ. ಆ ಎರಡಡಿ ಜಾಗ ಊರಿಗೆ ಬಂದಾಗ ಇಬ್ಬರೂ ಸೇರಿ ಮಾಡೋಣ. ಅಲ್ಲಿಯವರೆಗೆ ಸಾಕೆಟ್ಟಿಗೇ ಚುಚ್ಚಿಕೊಂಡಿರು.

ಡ್ಯಾಶ್‌ಬೋರ್ಡಿನ ಕೆಳಗೆ ಉಳಿದ ವೈರನ್ನು ಸುತ್ತಿ ಟೈ ಹಾಕು, ಬ್ರೇಕ್ ಪೆಡಲಿನ ಕಡೆ ಒಂದೆಳೆಯೂ ಜೋಲಬಾರದು. ಡಬ್ಬಿಗೆ ಬಟ್ಟೆಯ ಟೇಪ್ ಸುತ್ತಿದರೆ ಕಡಕಡ ಸದ್ದೂ ಇರುವುದಿಲ್ಲ.

ಕ್ಯಾಮೆರಾದಿಂದ ಏನಾಗಬೇಕು ಅಂತಲೂ ಯೋಚಿಸು. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಉಲ್ಕೆ ಸಿಡಿದಾಗ ಅಲ್ಲಿನ ಎಷ್ಟೋ ಕಾರುಗಳ ಕ್ಯಾಮೆರಾಗಳು ಅದನ್ನು ಹಿಡಿದಿದ್ದವು. ವಿಜ್ಞಾನಿಗಳು ಅದು ಬಂದ ದಾರಿಯ ಲೆಕ್ಕಕ್ಕೂ ಆ ವಿಡಿಯೋಗಳನ್ನು ಬಳಸಿಕೊಂಡರು. ನಿನಗೆ ಉಲ್ಕೆ ಬೇಡ, ಸಿಲ್ಕ್ ಬೋರ್ಡಿನಲ್ಲಿ ತಾನೇ ಹಿಂದಕ್ಕೆ ಬಂದು ಗುದ್ದಿ "ನೀವೇ ಗುದ್ದಿದ್ದು ಮೇಡಂ" ಅನ್ನುವವನೊಬ್ಬ ಸಾಕು. ಹಾಗಾದ ಕೂಡಲೇ ಕ್ಯಾಮೆರಾದ ಲಾಕ್ ಬಟನ್ ಒತ್ತು, ಇಲ್ಲವಾದರೆ ಕಾರ್ಡ್ ತುಂಬಿದ ಮೇಲೆ ಹಳೆಯದರ ಮೇಲೇ ಬರೆದುಕೊಂಡು ಹೋಗುತ್ತದೆ. ಮೂಲ ಕಾರ್ಡನ್ನು ತೆಗೆದು ಜೋಪಾನವಾಗಿಡು. ವಾಟ್ಸಾಪಿನಲ್ಲಿ ಕಳಿಸಿದ ವಿಡಿಯೋ ಮೂಲದಂತೆ ಉಳಿಯುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ದಾಖಲೆಯ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಸಂಖ್ಯೆಯನ್ನು ನಮೂದಿಸಬೇಕು. ಒಂದು ಸೆಕೆಂಡ್ ಕತ್ತರಿಸಿದರೂ ಆ ಸಂಖ್ಯೆ ಬದಲಾಗುತ್ತದೆ. ಕ್ಯಾಮೆರಾದ ತಾರೀಖು, ಗಡಿಯಾರ ಸರಿಯಿದೆಯೇ ಅಂತಲೂ ನೋಡಿಕೋ. ಮೈಕನ್ನು ಆಫ್ ಮಾಡಿಡು. ಇಲ್ಲವಾದರೆ ವಿಡಿಯೋ ಪೊಲೀಸರಿಗೆ ಕೊಡುವಾಗ ನೀನು ಮ್ಯಾನೇಜರನ್ನು ಬೈದದ್ದೂ ಅದರ ಜೊತೆಗೇ ಹೋಗುತ್ತದೆ.

ಕೊನೆಗೆ ಕಾರ್ಡು. ಮೊಬೈಲಿಗೆ ಹಾಕುವ ಮಾಮೂಲಿ ಕಾರ್ಡು ದಿನವಿಡೀ ಬರೆದು ಅಳಿಸಿ ಬರೆಯುವ ಕೆಲಸಕ್ಕೆ, ಗಾಜಿನ ಹಿಂದಿನ ಬಿಸಿಲಿಗೆ ಹೆಚ್ಚು ದಿನ ತಾಳುವುದಿಲ್ಲ. ಹೈ ಎಂಡ್ಯೂರೆನ್ಸ್ ಅಂತ ಬರೆದಿರುವುದನ್ನೇ ತಗೋ. ಅಪಘಾತವಾದ ಮೇಲೆ ಕಾರ್ಡ್ ತೆಗೆದು ನೋಡಿದರೆ ತಿಂಗಳಿಂದ ಏನೂ ದಾಖಲಾಗಿರಲಿಲ್ಲ ಅನ್ನುವ ಗಿರಾಕಿಗಳು ನನ್ನ ಬಳಿ ಬರುತ್ತಲೇ ಇದ್ದರು. ಆದ್ದರಿಂದ ವೈರಿಂಗ್ ಹಾಗಿರಲಿ, ಕ್ಯಾಮೆರಾ ನಿಜವಾಗಿ ಬರೆದುಕೊಳ್ಳುತ್ತಿದೆಯೇ ಅಂತ ಈ ಭಾನುವಾರವೇ ಕಾರ್ಡ್ ತೆಗೆದು ನೋಡು. ನೋಡಿ ನನಗೊಂದು ಫೋನ್ ಮಾಡು.

ಇತಿ,
ನಿನ್ನ ದೊಡ್ಡಪ್ಪ